ಬಟ್ಟೆ ವ್ಯಾಪಾರಿಯ ಮಚ್ವೆ

"ಗುರುಗಳೇ, ಯಾರ ಮಾತೂ ಒಳಗೆ ಇಳಿಯದಂಥ ಗಟ್ಟಿ ಮನಸ್ಸು ಬರುವವರೆಗೆ ನಾನು ಇಲ್ಲೇ ಇದ್ದುಬಿಡಲೇ?" ಎಂದು ಶಿಷ್ಯ ಕೇಳಿದ.

ಗುರು ಜಗಲಿಯಲ್ಲಿ ಕೂತು ಸೌತೆಕಾಯಿ ಹೆಚ್ಚುತ್ತಿದ್ದರು. ಅಳಿವೆಯ ದಡದ ಆ ಸಣ್ಣ ಆಶ್ರಮದಲ್ಲಿ ಶಾಸ್ತ್ರ ಹೇಳುವವರೂ ಅವರೇ, ಹುಳಿ ಕುದಿಸುವವರೂ ಅವರೇ. ಎರಡರಲ್ಲೂ ತಮ್ಮನ್ನು ಮೀರಿಸಿದವರು ಇಡೀ ಕರಾವಳಿಯಲ್ಲಿ ಇಲ್ಲ ಎಂದು ಹೇಳುತ್ತಿದ್ದವರೂ ಅವರೇ. ಊರಿನವರು ಅವರನ್ನು ಮಾವ ಎಂದು ಕರೆಯುತ್ತಿದ್ದರು. ಶಿಷ್ಯನೊಬ್ಬ ಮಾತ್ರ ಗುರುಗಳೇ ಎನ್ನುತ್ತಿದ್ದ. ಇದ್ದದ್ದೂ ಅವನೊಬ್ಬನೇ ಶಿಷ್ಯ.

"ಈಗ ಯಾರ ಮಾತು ಇಳಿಯಿತು?" ಎಂದರು ಗುರು.

ಶಿಷ್ಯ ಅಂಗಳದ ಬೆಂಚಿನ ಮೇಲೆ ಕೂತ. ಆ ಉದ್ದನೆಯ ಬೆಂಚಿನ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದಿಯಿತ್ತು. ಎಷ್ಟು ತೊಳೆದರೂ ಹೋಗದ ಒಂದು ವಾಸನೆಯೂ ಇತ್ತು. ಕೈಯಲ್ಲಿದ್ದ ಕಾಗದವನ್ನು ಪಕ್ಕಕ್ಕೆ ಇಟ್ಟ. ಅದು ಸಂದಿಯಲ್ಲಿ ಜಾರಿ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡು ಓದಿದ.

ಅವನ ಅಕ್ಕ ಬರೆದಿದ್ದಳು. ಮಗುವಿಗೆ ಮೂರು ತುಂಬಿತು. ಕಿವಿ ಚುಚ್ಚಿಸಬೇಕು. ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚಿಸುವುದು ನಮ್ಮಲ್ಲಿ ಪದ್ಧತಿ. ನಿನಗಾಗಿ ಎರಡು ಸಲ ದಿನ ಮುಂದೆ ಹಾಕಿದ್ದೇನೆ. ಈ ಶುಕ್ರವಾರ ನೀನು ಬಾರದಿದ್ದರೆ ಪಕ್ಕದ ಮನೆಯವರ ತೊಡೆ ಕೇಳಿಕೊಳ್ಳುತ್ತೇನೆ. ಆಮೇಲೆ ನೀನು ಬರುವ ಅಗತ್ಯವಿಲ್ಲ.

"ಹೋಗಿ ಬಾ. ತೊಡೆ ಇದೆಯಲ್ಲ?" ಎಂದರು ಗುರು.

"ತೊಡೆಯ ತೊಂದರೆಯಲ್ಲ. ಅಲ್ಲಿ ಭಾವ ಇರುತ್ತಾರೆ, ಭಾವನ ತಮ್ಮಂದಿರು ಇರುತ್ತಾರೆ. ಹಿಂದಿನ ಸಲ ನನ್ನನ್ನು ಕಂಡವರೇ 'ಸನ್ಯಾಸಿ ಬಂದ, ಹೋಳಿಗೆ ಎಣಿಸಿಡಿ' ಅಂದರು. ಎರಡು ವರ್ಷವಾಯಿತು. ಇನ್ನೂ ಚುಚ್ಚುತ್ತಿದೆ."

"ಎಷ್ಟು ತಿಂದಿದ್ದೆ?"

"ಒಂಬತ್ತು."

ಗುರು ಚಾಕುವನ್ನು ಕೆಳಗಿಟ್ಟರು. "ಒಂದು ಕತೆ ಹೇಳುತ್ತೇನೆ. ನಡೆದದ್ದು ನಡೆದ ಹಾಗೆ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಈ ಸೌತೆಕಾಯಿ ನನ್ನ ಬಾಯಲ್ಲಿ ಕಹಿಯಾಗಲಿ," ಎಂದು ಒಂದು ಹೋಳು ತಿಂದರು. ಅದು ಸಿಹಿಯಾಗಿತ್ತು. ಕತೆ ಶುರು ಮಾಡಿದರು.

"ಇದೇ ಅಳಿವೆಯಲ್ಲಿ ಒಬ್ಬ ಮುದುಕ ತಂಡೇಲನಿದ್ದ. ತಂಡೇಲ ಎಂದರೆ ದೋಣಿ ನಡೆಸುವವರ ಯಜಮಾನ. ಅವನಿಗೊಂದು ಮಚ್ವೆಯಿತ್ತು. ಮಚ್ವೆ ಎಂದರೆ ಹಾಯಿ ಕಟ್ಟಿ ಕಡಲಲ್ಲಿ ಓಡಿಸುವ ದೊಡ್ಡ ಮರದ ದೋಣಿ. ನೀನು ಘಟ್ಟದ ಮೇಲಿನವನು, ಅದಕ್ಕೆ ಬಿಡಿಸಿ ಹೇಳುತ್ತಿದ್ದೇನೆ.

"ಗಂಡ ಹೆಂಡತಿ ಮೂವತ್ತು ವರ್ಷ ಆ ಮಚ್ವೆಯಲ್ಲೇ ಸಂಸಾರ ಮಾಡಿದ್ದರು. ಒಳಗೆ ಮಂಚವಿತ್ತು. ಮರಳಿನ ಪೆಟ್ಟಿಗೆಯ ಮೇಲೆ ಒಲೆಯಿತ್ತು. ಅಲೆ ಬಂದಾಗ ಪಾತ್ರೆ ಜಾರಬಾರದೆಂದು ಅಡುಗೆ ಹಲಗೆಗೆ ಅಂಚು ಕಟ್ಟಿತ್ತು. ತೊಟ್ಟಿಲಿಗೆ ಕೊಕ್ಕೆಯಿತ್ತು. ತಂಡೇಲ ವರ್ಷಕ್ಕೊಮ್ಮೆ ಅದರ ಮೈಗೆಲ್ಲ ಮೀನೆಣ್ಣೆ ಬಳಿಯುತ್ತಿದ್ದ. ತನ್ನ ತಲೆಗೆ ಎಣ್ಣೆ ಹಾಕಿಕೊಳ್ಳಲು ಮರೆತರೂ ಅದಕ್ಕೆ ಮರೆಯುತ್ತಿರಲಿಲ್ಲ. ಹಾಯಿಯ ಕಂಬ ಎಷ್ಟು ಎತ್ತರವೆಂದರೆ, ತುದಿಯಲ್ಲಿ ಕೂತ ಕಾಗೆ ಕೆಳಗಿಳಿದು ಊಟ ಮುಗಿಸಿ ಮೇಲೆ ಹೋಗುವಷ್ಟರಲ್ಲಿ ಅದಕ್ಕೆ ಮತ್ತೆ ಹಸಿವಾಗುತ್ತಿತ್ತು. ನಾನು ಕಣ್ಣಾರೆ ಕಂಡಿದ್ದೇನೆ. ಅಂಥ ಚೆಲುವಿನ ಮಚ್ವೆ. ಅದರ ಪಕ್ಕ ನಿಂತರೆ ನಾನು ಕೂಡ ಸಾಧಾರಣ ರೂಪದವನಂತೆ ಕಾಣುತ್ತಿದ್ದೆ."

ಶಿಷ್ಯ ಗುರುಗಳ ಮುಖ ನೋಡಿದ.

"ತಂಡೇಲನ ಮಂಡಿ ಕೈಕೊಟ್ಟಿತು. ಮಚ್ವೆಯನ್ನು ದಡಕ್ಕೆ ಎಳೆಸಿ, ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿಸಿದ. ಎರಡು ಬೇಸಿಗೆ ಅದು ದಡದಲ್ಲೇ ಕೂತಿತ್ತು. ಆಗ ಒಬ್ಬ ಬಟ್ಟೆ ವ್ಯಾಪಾರಿ ಅದನ್ನು ಕೊಳ್ಳಲು ಬಂದ.

"ವ್ಯಾಪಾರಿಯ ಹೆಂಡತಿ ಅಳಿವೆಯ ಆಚೆ ಇರುವ ಕುದ್ರುವಿನವಳು. ಸುತ್ತಲೂ ಹೊಳೆ, ನಡುವೆ ಒಂದಿಷ್ಟು ನೆಲ, ಅದೇ ಕುದ್ರು. ನೀರಿನ ನಡುವೆ ಹುಟ್ಟಿದವಳನ್ನು ಪೇಟೆಯ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತು ವರ್ಷ ಇಟ್ಟಿದ್ದ. 'ಒಂದು ದಿನ ನಿನ್ನನ್ನು ನೀರಿನ ಮೇಲೆಯೇ ಇರಿಸುತ್ತೇನೆ' ಎಂದು ಮದುವೆಯ ಮರುದಿನ ಮಾತು ಕೊಟ್ಟಿದ್ದ. ಅವಳು ಅದನ್ನು ಮರೆತಿರಲಿಲ್ಲ. ಕೊನೆಗೆ ಅಂಗಡಿಯನ್ನೂ ಮನೆಯನ್ನೂ ತಮ್ಮನಿಗೆ ಬಿಟ್ಟುಕೊಟ್ಟು ಮಚ್ವೆ ಕೊಂಡ. ಪೇಟೆಯ ಜನ ಕಂಡಕಂಡದ್ದಕ್ಕೆ ಮೂಗು ತೂರಿಸುತ್ತಾರೆ ಎಂಬ ಬೇಸರವೂ ಅವನಿಗಿತ್ತು.

"ತಂಡೇಲ ಬೀಗದ ಕೈ ಕೊಡುವಾಗ ಒಂದೇ ಮಾತು ಹೇಳಿದ. 'ನೀರಿಗೆ ಇಳಿಸಿದ ಕೂಡಲೇ ಸೋರುತ್ತದೆ. ಸೋರಲಿ. ಮೂರು ದಿನ ಹಾಗೇ ಬಿಡು. ಬಂದ ನೀರನ್ನು ಮೊಗೆದು ಹಾಕುತ್ತಿರು. ಮೇಲಕ್ಕೆ ಮಾತ್ರ ಎಳೆಸಬೇಡ.'

"ವ್ಯಾಪಾರಿ ತಲೆಯಾಡಿಸಿದ. ಆಮೇಲೆ ಹೆಂಡತಿಯ ಹತ್ತಿರ ನಕ್ಕ. 'ನನಗೆ ಹೇಳಿಕೊಡುತ್ತಾನೆ. ಬಣ್ಣ ಬಿಡುತ್ತದೆಯಾ ಎಂದು ಗಿರಾಕಿ ಕೇಳಿದರೆ ಮೊದಲ ಮೂರು ಒಗೆತಕ್ಕೆ ಮಾತ್ರ ಎಂದು ಇಪ್ಪತ್ತು ವರ್ಷ ಹೇಳಿದವನು ನಾನು. ಬಿಡುವ ಬಣ್ಣ ಮೂರಕ್ಕೆ ನಿಲ್ಲುತ್ತದೆಯೇ?'

"ಒಳ್ಳೆಯ ದಿನ ನೋಡಿ ಮಚ್ವೆ ಇಳಿಸಿದರು. ಮೂವತ್ತು ಜನ ಹಗ್ಗ ಹಿಡಿದರು. ನಾನೂ ಹಿಡಿದಿದ್ದೆ. ಅಂದರೆ ಎಳೆದವನು ನಾನು, ಉಳಿದವರು ಹಗ್ಗ ನೆಲಕ್ಕೆ ತಾಗದಂತೆ ನೋಡಿಕೊಂಡರು. ಮಚ್ವೆ ತೇಲಿತು. ವ್ಯಾಪಾರಿಯ ಹೆಂಡತಿ ಒಲೆ ಹಚ್ಚಿದಳು. ಹಾಲು ಉಕ್ಕುವ ಮೊದಲೇ ಹಲಗೆಯ ಸಂದಿಗಳಲ್ಲಿ ನೀರು ಉಕ್ಕಿತು. ಅವಳು ಚೊಂಬು ಹಿಡಿದು ಮೊಗೆಯಲು ಕೂತಳು. ಗಂಡ ತನ್ನ ಒದ್ದೆ ಪಾದ ನೋಡಿಕೊಂಡು, 'ಎಳೆಯಿರಿ ಮೇಲಕ್ಕೆ' ಎಂದ. ಮಧ್ಯಾಹ್ನದ ಊಟಕ್ಕೆ ಮಚ್ವೆ ಮತ್ತೆ ಚಪ್ಪರದ ಕೆಳಗಿತ್ತು.

"ಬೇರೆ ಮನೆಯಿಲ್ಲ. ಅದಕ್ಕೇ ಒಂದು ಏಣಿ ಒರಗಿಸಿ, ದಡದಲ್ಲೇ, ಮಚ್ವೆಯೊಳಗೆ ಸಂಸಾರ ಹೂಡಿದರು. ಮಂಚ ಇತ್ತು, ಒಲೆ ಇತ್ತು, ಪಾತ್ರೆಗೆ ಅಂಚಿನ ಹಲಗೆ ಇತ್ತು. ನೀರೊಂದು ಇರಲಿಲ್ಲ. ಅದನ್ನು ಹೆಂಡತಿ ಬಾವಿಯಿಂದ ಹೊತ್ತು ಏಣಿ ಹತ್ತಬೇಕಾಗಿತ್ತು.

"ವ್ಯಾಪಾರಿ ಸೋಮಾರಿಯಲ್ಲ. ಮಚ್ವೆಯನ್ನು ತಂಡೇಲನಿಗಿಂತ ಚೆನ್ನಾಗಿ ನೋಡಿಕೊಂಡ. ತೇವವೇ ಇದರ ರೋಗ ಎಂದು ತೀರ್ಮಾನಿಸಿ ಚಪ್ಪರ ತೆಗೆಸಿ ಬಿಸಿಲಿಗೆ ಒಡ್ಡಿದ. ಸಂದಿಗಳಿಗೆ ಹಳೆಯ ಪಂಚೆ ತುರುಕಿದ. ಮರುವರ್ಷ ಇಳಿಸಿದ, ಮೊಣಕಾಲವರೆಗೆ ನೀರು ಬಂತು, ಎಳೆಸಿದ. ಇನ್ನೂ ಒಣಗಿಸಿದ. ಪಂಚೆ ಸಾಲದೆ ಮಲ್ಲು ಬಟ್ಟೆ ತುರುಕಿದ, ಅದೂ ಸಾಲದೆ ಮಗಳ ಮದುವೆಗೆಂದು ಎತ್ತಿಟ್ಟಿದ್ದ ರೇಷ್ಮೆ ತುರುಕಿದ. ಅವನಿಗೆ ಮಗಳೇ ಇರಲಿಲ್ಲ, ಆದರೆ ಬಟ್ಟೆ ವ್ಯಾಪಾರಿಗಳು ಎತ್ತಿಟ್ಟಿರುತ್ತಾರೆ. ಒಣಗಿದಷ್ಟೂ ಹಲಗೆ ಸೊರಗಿತು, ಸೊರಗಿದಷ್ಟೂ ಸಂದಿ ಅಗಲವಾಯಿತು. ದಾರಿಯಲ್ಲಿ ಹೋಗುವವರು ಒಳಗಿನವರಿಗೆ ಕಾಣತೊಡಗಿದರು, ಒಳಗಿನವರು ದಾರಿಯವರಿಗೆ. ಮೂಗು ತೂರಿಸುವ ಜನ ಬೇಡವೆಂದು ಬಂದವನ ಮನೆಯಲ್ಲಿ ಇವತ್ತು ಏನು ಸಾರು ಎಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು. ಕೆಲವರು ಉಪ್ಪು ಕಡಿಮೆ ಎಂದು ಹೊರಗಿನಿಂದಲೇ ಹೇಳಿ ಹೋಗುತ್ತಿದ್ದರು.

"ಮೂರನೆಯ ಸಲ ಇಳಿಸಿದಾಗ ಒಂದು ಕಾಣೆ ಮೀನು ಈ ಕಡೆಯಿಂದ ಒಳಗೆ ಬಂತು. ಮಂಚ ನೋಡಿತು, ಒಲೆ ನೋಡಿತು, ಆ ಕಡೆಯಿಂದ ಹೊರಗೆ ಹೋಯಿತು. ಅದಕ್ಕೆ ಮನೆ ಹಿಡಿಸಲಿಲ್ಲ.

"ಆ ದಿನ ಹೆಂಡತಿ ಬಾಯಿ ಬಿಟ್ಟಳು. 'ನನ್ನ ತವರಿನಲ್ಲಿ ಹಲಗೆ ಜೋಡಿಸಿದ ಮರದ ಬಾನಿ ಇತ್ತು. ಒಣಗಿದರೆ ಸೋರುತ್ತಿತ್ತು. ಅಮ್ಮ ಅದನ್ನು ಕೆರೆಯಲ್ಲಿ ಮುಳುಗಿಸಿ ಇಡುತ್ತಿದ್ದಳು. ಹಲಗೆ ನೀರು ಕುಡಿದು ಉಬ್ಬಿ, ಸಂದಿ ತಾನಾಗಿ ಮುಚ್ಚುತ್ತಿತ್ತು.'

"'ಬಾನಿಯೂ ಮಚ್ವೆಯೂ ಒಂದೇ ಏನೇ?' ಎಂದ ಗಂಡ.

"'ಎರಡನ್ನೂ ಮಾಡಿದವನು ಬಡಗಿ. ನೀವು ಬಟ್ಟೆಯವರು.'

"ವ್ಯಾಪಾರಿ ಒಪ್ಪಲಿಲ್ಲ. 'ಒಂದು ತೊಟ್ಟೂ ಸೋರದ ಹಾಗೆ ಮಾಡಿ ಆಮೇಲೆ ಇಳಿಸುತ್ತೇನೆ' ಎಂದು ನಾಲ್ಕನೆಯ ವರ್ಷವಿಡೀ ಒಣಗಿಸಿದ. ಅವಳು ಪ್ರತಿ ಸಂಜೆ ಏಣಿಯ ಮೇಲೆ ಕೂತು ಕುದ್ರುವಿನ ಕಡೆ ನೋಡುತ್ತಿದ್ದಳು. ಅಲ್ಲಿ ಅವಳ ತಮ್ಮನಿದ್ದ. ನಡುವೆ ಇದ್ದದ್ದು ಒಂದು ಹೊಳೆ. ಬೇರೆಯವರ ದೋಣಿಯಲ್ಲಿ ಹೋಗಬಹುದಿತ್ತು. ಆದರೆ ನನ್ನ ಮಚ್ವೆಯಲ್ಲೇ ಬರುತ್ತೇನೆ ಎಂದು ಅವಳೂ ತಮ್ಮನಿಗೆ ಹೇಳಿಕಳಿಸಿಬಿಟ್ಟಿದ್ದಳು."

ಗುರು ಮತ್ತೆ ಚಾಕು ಎತ್ತಿಕೊಂಡರು.

"ಆಮೇಲೆ?" ಎಂದ ಶಿಷ್ಯ.

"ಆಮೇಲೆ ಐದನೆಯ ವರ್ಷ ಬಂತು. ಮಚ್ವೆ ಇಳಿಯಿತು, ನೀರು ನುಗ್ಗಿತು, ವ್ಯಾಪಾರಿ 'ಎಳೆಯಿರಿ' ಎಂದ. ಹೆಂಡತಿ ಹಗ್ಗ ಬಿಚ್ಚಿ ನೀರಿಗೆ ಎಸೆದಳು. ಚೊಂಬು ಹಿಡಿದು ನಡುವೆ ಕೂತಳು. 'ಮುಳುಗಿದರೆ ಈಜಿಕೊಂಡು ತವರಿಗೆ ಹೋಗುತ್ತೇನೆ. ನಿಮಗೆ ಈಜು ಬರುವುದಿಲ್ಲ, ಮೊಗೆಯಿರಿ' ಎಂದಳು. ವ್ಯಾಪಾರಿ ಮೊಗೆದ. ಮೊದಲ ದಿನ ಕೊಡಗಟ್ಟಲೆ, ಮರುದಿನ ಚೊಂಬುಗಟ್ಟಲೆ. ಮೂರನೆಯ ದಿನ ಅವನು ಚೊಂಬು ಅದ್ದಿದರೆ ಬರಿಯ ಹಲಗೆ ಸದ್ದು ಮಾಡಿತು. ಒಂದು ಸಂದಿಯೂ ಉಳಿದಿರಲಿಲ್ಲ. ರೇಷ್ಮೆಯನ್ನು ಎಳೆದು ತೆಗೆಯಲೂ ಆಗಲಿಲ್ಲ. ನಾಲ್ಕನೆಯ ದಿನ ಹಾಯಿ ಏರಿತು. ಕುದ್ರುವಿನ ದಡದಲ್ಲಿ ಅವಳ ತಮ್ಮ ಬಂದು ನಿಂತಿದ್ದ."

ಶಿಷ್ಯನ ಮುಖ ಅರಳಿತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ.

"ಅರ್ಥವಾಯಿತು ಗುರುಗಳೇ. ಭಾವನ ಮಾತನ್ನೂ ಮೂರು ದಿನ ಕುಡಿಯಬೇಕು. ಆಮೇಲೆ ತಾನಾಗಿ ಮುಚ್ಚುತ್ತದೆ. ನಿಜ."

"ಹಾಗಾದರೆ ಶುಕ್ರವಾರ ಹೊರಡುತ್ತೀಯೆ?"

"ಅದೇ ಹೇಳುತ್ತಿದ್ದೆ. ಆ ವ್ಯಾಪಾರಿ ನಾಲ್ಕು ವರ್ಷ ಕಾಯಿಸಿದರೂ ಐದನೆಯ ವರ್ಷ ಮಚ್ವೆ ತೇಲಿತಲ್ಲ? ನನ್ನದಿನ್ನೂ ಎರಡೇ ವರ್ಷ. ಮುಂದಿನ ವರ್ಷ ಹೋಗುತ್ತೇನೆ. ಮಗುವಿನ ಕಿವಿ ಎಲ್ಲಿಗೂ ಓಡಿಹೋಗುವುದಿಲ್ಲ." ಅವನು ಬೆಂಚಿನ ಮೇಲೆ ಕಾಲು ಚಾಚಿ ಆರಾಮವಾಗಿ ಒರಗಿದ.

ಗುರು ಉಳಿದ ಸೌತೆಕಾಯಿಯಿಂದ ಒಂದು ಹೋಳು ತೆಗೆದು ಬಾಯಿಗೆ ಹಾಕಿಕೊಂಡರು. ಮುಖ ಸಿಂಡರಿಸಿಕೊಂಡು ಅಂಗಳಕ್ಕೆ ಉಗಿದರು.

"ಕಹಿ," ಎಂದರು. "ಒಂದು ಸಣ್ಣ ವಿವರ ನಾನೇ ಸೇರಿಸಿದ್ದೆ. ಐದನೆಯ ವರ್ಷ ಅಂದೆನಲ್ಲ, ಅದು."

"ಹಾಗಾದರೆ ನಿಜವಾಗಿ ಆದದ್ದೇನು?" ಎಂದ ಶಿಷ್ಯ.

"ನಾಲ್ಕನೆಯ ವರ್ಷವೇ ಬಡಗಿ ಬಂದು ಮಚ್ವೆಯನ್ನು ಬಿಚ್ಚಿದ, ನೀನು ಒರಗಿರುವ ಬೆಂಚು ಅದರದೇ ಹಲಗೆ."