ಮಕ್ತುಂಸಾಬನ ಶೆಲ್ಲು

ಬಹಳ ಹಿಂದೆ, ನಮ್ಮ ಅಜ್ಜಂದಿರ ಮೀಸೆ ಇನ್ನೂ ಕರ್ರಗಿದ್ದ ಕಾಲದಲ್ಲಿ, ಬಯಲುಸೀಮೆಯ ಒಂದೂರಲ್ಲಿ ಮಕ್ತುಂಸಾಬ ಅಂತ ಗಡಿಯಾರ ರಿಪೇರಿಯವನು ಇದ್ದನಂತೆ. ಕುರುಡಾದ ಕ್ಯಾಮೆರಾಕ್ಕೆ ಕಣ್ಣು ತರಿಸುವವನು ಅಂತ ಅವನ ಹೆಸರು ಏಳು ಹಳ್ಳಿ ದಾಟಿತ್ತಂತೆ.

ರೀಲಿನ ಕ್ಯಾಮೆರಾದ ಹೊಟ್ಟೆಯಲ್ಲಿ ಅಂಗಿಯ ಗುಂಡಿಯಷ್ಟು ಶೆಲ್ಲು, ಅಂದರೆ ಪುಟ್ಟ ಬ್ಯಾಟರಿ, ಇರುತ್ತಿತ್ತು. ಬೆಳಕು ಎಷ್ಟಿದೆ ಅಂತ ತೋರಿಸುವ ಮುಳ್ಳು ಆಡುತ್ತಿದ್ದದ್ದು ಅದರಿಂದಲೇ. ಅದರಲ್ಲಿ ಪಾದರಸವಿದೆ, ವಿಷ, ಅಂತ ಕಾರ್ಖಾನೆಯವರು ಅದನ್ನು ಮಾಡುವುದನ್ನೇ ಬಿಟ್ಟರು. ಬೇರೆ ಶೆಲ್ಲು ಹಾಕಿದರೆ ಮುಳ್ಳು ಸುಳ್ಳು ಹೇಳುತ್ತಿತ್ತು, ಮದುಮಗಳ ಮುಖ ರೊಟ್ಟಿ ಹಂಚಿನಂತೆ ಕಪ್ಪಾಗಿ ಬರುತ್ತಿತ್ತು. ಮಕ್ತುಂಸಾಬನ ಹೆಂಡತಿ ಜೈನಾಬಿಗೆ ಕಿವಿ ಮಂದ. ಅವಳ ಕಿವಿ ಮಷಿನ್ನಿನ ಶೆಲ್ಲು ತೆಗೆದ, ನಳದ ವಾಷರಿನ ನಡುವೆ ಕೂರಿಸಿದ, ಕ್ಯಾಮೆರಾಕ್ಕೆ ಹಾಕಿದ. ಮುಳ್ಳು ನಿಜ ನುಡಿಯಿತಂತೆ. ಆಮೇಲಾಮೇಲೆ ಅವನ ನೆರಳು ಬಿದ್ದರೆ ಸಾಕು, ಮುಳ್ಳು ಎದ್ದು ನಿಲ್ಲುತ್ತಿತ್ತು ಅಂತಾರೆ. ಅನ್ನುವವರ ಬಾಯಿಗೆ ಬೀಗ ಎಲ್ಲಿದೆ!

ಕಿವಿ ಮಷಿನ್ನಿನ ಆ ಶೆಲ್ಲಿನ ಬೆನ್ನಿಗೆ ಒಂದು ಚೂರು ಕಾಗದ ಅಂಟಿರುತ್ತದೆ. ಕಿತ್ತರೆ ಗಾಳಿ ಒಳಗೆ ಹೋಗಿ ಅದಕ್ಕೆ ಜೀವ ಬರುತ್ತದೆ. ಮಕ್ತುಂಸಾಬ ಪ್ರತಿಯೊಂದರ ಕಾಗದ ಕಿತ್ತು, ಪರೀಕ್ಷೆ ಮಾಡಿ, ಮತ್ತೆ ಅಂಟಿಸಿಡುತ್ತಿದ್ದ. ಕೆಟ್ಟದ್ದು ಯಾರ ಕೈಗೂ ಹೋಗಬಾರದು ಅನ್ನುವ ಕಾಳಜಿ. ಒಮ್ಮೆ ಗಾಳಿ ಕುಡಿದದ್ದು ಕೂತಲ್ಲೇ ಸವೆಯುತ್ತದೆ ಅಂತ ಅಷ್ಟು ಜಾಣನಿಗೂ ತಿಳಿಯಲಿಲ್ಲ. ತಂದದ್ದೆಲ್ಲ ವಾರದೊಳಗೆ ಖರ್ಚಾಗುತ್ತಿತ್ತಲ್ಲ.

ಮಗಳು ಶಮಶಾದಳ ಮದುವೆ ಗೊತ್ತಾಯಿತು. ಮಗಳು ‘ಕಬೂಲ್’ ಅನ್ನುವುದನ್ನು ಕಿವಿಯಾರೆ ಕೇಳಬೇಕು ಅನ್ನುವುದೊಂದೇ ಜೈನಾಬಿಯ ಆಸೆ. ಮಕ್ತುಂಸಾಬ ಆರು ಶೆಲ್ಲು ಪರೀಕ್ಷೆ ಮಾಡಿ, ಮೂರು ತಿಂಗಳು ಮೊದಲೇ ಡಬ್ಬಿಯಲ್ಲಿಟ್ಟ. ಫೋಟೋ ತೆಗೆಯುವ ದೇವೇಂದ್ರಪ್ಪ ಮಾತ್ರ ಮದುವೆಯ ವಾರ ಪೇಟೆಯಿಂದ ತಾನೇ ಅಂಥದೇ ಹೊಸದೊಂದು ತಂದು ಕ್ಯಾಮೆರಾಕ್ಕೆ ಹಾಕಿಸಿಕೊಂಡಿದ್ದ.

ನಿಕಾಹದ ಹೊತ್ತಿಗೆ ಸರಿಯಾಗಿ ಜೈನಾಬಿಯ ಮಷಿನ್ನು ನಿಂತಿತು. ಡಬ್ಬಿ ತೆರೆದರೆ ಆರೂ ಸತ್ತಿದ್ದವು. ಆ ಮನೆಯಲ್ಲಿ ಜೀವವಿದ್ದ ಶೆಲ್ಲು ಒಂದೇ, ದೇವೇಂದ್ರಪ್ಪನ ಕೈಯ ಕ್ಯಾಮೆರಾದಲ್ಲಿ. ಅವನೇ ಮುಂದೆ ಬಂದು, “ತಗದ ಕೊಡ್ತೀನ್ರಿ ಸಾಬರ, ಅಕ್ಕಾರು ಮೊದ್ಲ ಕೇಳ್ಲಿ,” ಅಂದನಂತೆ.

ಮಕ್ತುಂಸಾಬ ಹೆಂಡತಿಯ ಕಡೆ ನೋಡಿದ, ಕ್ಯಾಮೆರಾದ ಕಡೆ ನೋಡಿದ. ಊರವರ ಫೋಟೋ ಎಲ್ಲ ಚೆಂದ ಮಾಡಿಸಿದವನ ಮಗಳ ಫೋಟೋನೇ ಕೆಟ್ಟರೆ ಜನ ಏನಂದಾರು ಅನ್ನಿಸಿತು. “ಬ್ಯಾಡ, ಫೋಟೋ ಕೆಡತೈತಿ,” ಅಂದುಬಿಟ್ಟ. ಆ ಮಾತು ಬಾಯಿಂದ ಹೊರಬಿದ್ದದ್ದೇ ಅವನ ದುರ್ದೈವ ಅಂತಾರೆ.

ನಿಕಾಹದಲ್ಲಿ ಹುಡುಗಿಯ ಒಪ್ಪಿಗೆ ಪಡೆಯುವ ವಕೀಲರು ಸಾಕ್ಷಿಗಳ ಜೊತೆ ಬಂದು ಮೂರು ಸಲ ಕೇಳಿದರು. ಹುಡುಗಿ ಮೂರು ಸಲ ‘ಕಬೂಲ್’ ಅಂದಳು. ಜೈನಾಬಿ ಮಗಳ ತುಟಿ ನೋಡುತ್ತ ಕೂತಳು.

ಫೋಟೋ ಬಂಗಾರದಂತೆ ಬಂತು. ಅದರಲ್ಲಿ ಜೈನಾಬಿಯೊಬ್ಬಳು ಕಿವಿಯನ್ನು ಮಗಳ ಬಾಯಿಗೆ ಹತ್ತಿರ ಹಿಡಿದು ಬಾಗಿದ್ದಳು. ಅವಳು ಗಂಡನನ್ನು ಒಂದು ದಿನವೂ ಹಂಗಿಸಲಿಲ್ಲವಂತೆ. ಒಮ್ಮೆ ಮಾತ್ರ ಕೇಳಿದಳು, “ಹೇಳುವಾಗ ಹುಡುಗೀ ದನಿ ಹ್ಯಾಂಗಿತ್ರಿ?”

ಹುಡುಗಿ ‘ಕಬೂಲ್’ ಅನ್ನುವ ಹೊತ್ತಿನಲ್ಲಿ ಮಕ್ತುಂಸಾಬ ದೇವೇಂದ್ರಪ್ಪನ ಹೆಗಲ ಮೇಲಿಂದ ಮುಳ್ಳನ್ನೇ ನೋಡುತ್ತಿದ್ದ. ಮಗಳ ದನಿ ಅವನೂ ಕೇಳಿರಲಿಲ್ಲ. ಆ ಕೊರಗು ಅವನನ್ನು ಮಣ್ಣಿಗೆ ಹೋಗುವ ತನಕ ತಿಂದಿತು. ಪಾಪ, ಕೆಟ್ಟವನಲ್ಲ ಅವನು.

ರೀಲಿನ ಕ್ಯಾಮೆರಾಗಳು ಯಾವತ್ತೋ ಹೋದವು. ಆದರೂ ಆ ಊರಲ್ಲಿ ಗಡಿಯಾರಕ್ಕಾಗಲಿ ಟಾರ್ಚಿಗಾಗಲಿ ಹೊಸ ಶೆಲ್ಲು ಹಾಕುವ ಮೊದಲು ಮನೆಯೊಳಗೆ ಕೂಗಿ ಕೇಳುತ್ತಾರೆ: “ಯಾರ ಕಿವಿಗಾದ್ರೂ ಬೇಕಾಗೈತೇನ್ರಿ?” ಒಳಗಿನಿಂದ ಉತ್ತರ ಬರುವ ತನಕ ಕಾಯುತ್ತಾರೆ.