ಒಂದು ಬೆರಳಿನ ಸಡಿಲು

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮ. ಅಲ್ಲಿ ನಿಂಗಯ್ಯಜ್ಜ ಎಂಬ ಗುರು, ನಾಲ್ಕಾರು ಶಿಷ್ಯರು, ಒಂದು ಬೇವಿನ ಮರ, ಆ ಮರದ ನೆರಳಲ್ಲಿ ಒಂದು ಬೈಕು.

ಒಂದೇ ಸಿಲಿಂಡರಿನ ಹಳೆಯ ಬೈಕು. ಅಲ್ಲಿನ ಬಹಳಷ್ಟು ಶಿಷ್ಯರಿಗಿಂತ ಅದಕ್ಕೇ ವಯಸ್ಸು ಹೆಚ್ಚು. ಸುತ್ತಲಿನ ಹಳ್ಳಿಗಳಲ್ಲಿ ಯಾರಿಗಾದರೂ ಹುಷಾರಿಲ್ಲ, ಯಾರ ಮನೆಯಲ್ಲಾದರೂ ಸಾವಾಯಿತು ಅಂದರೆ ಅಜ್ಜ ಅದನ್ನೇರಿ ಹೊರಡುತ್ತಿದ್ದರು. ಅದು ದಾರಿಯಲ್ಲಿ ಕೈಕೊಟ್ಟದ್ದನ್ನು ಯಾರೂ ಕಂಡಿರಲಿಲ್ಲ.

ಪೇಟೆಯಿಂದ ಬಂದ ಭಕ್ತನೊಬ್ಬ ಬೈಕನ್ನು ಸುತ್ತು ಹಾಕಿ ನೋಡಿದ.

“ಅಜ್ಜಾರ, ಇಷ್ಟ ವರ್ಷ ಹ್ಯಾಂಗ ಬಾಳಿಕಿ ಬಂತ್ರಿ ಇದು? ಒಳಗ ಏನರ ಬ್ಯಾರೆ ಸಾಮಾನ ಹಾಕಸೀರೇನು?”

“ಏನೂ ಹಾಕಸಿಲ್ಲಪಾ. ಕಂಪನಿಯವರು ಹ್ಯಾಂಗ ಕೊಟ್ರೋ ಹಂಗ ಐತಿ. ಅದು ಕೇಳಿದ್ದನ್ನ ಕೊಡತೀನಿ. ಕೇಳದ್ದನ್ನ ಹಚ್ಚಾಕ ಹೋಗೂದಿಲ್ಲ.”

ಅದು ಕೇಳುತ್ತಿದ್ದದ್ದಾದರೂ ಏನು? ಹೊತ್ತಿಗೆ ಸರಿಯಾಗಿ ಹೊಸ ಆಯಿಲ್. ಆಗಾಗ ಪ್ಲಗ್ ಒರೆಸಬೇಕು, ಫಿಲ್ಟರಿನ ಧೂಳು ಝಾಡಿಸಬೇಕು, ಚೈನಿಗೆ ಒಂದಿಷ್ಟು ಎಣ್ಣೆ ಬಿಡಬೇಕು. ಅದಕ್ಕೆ ದೊಡ್ಡ ಬಯಕೆಗಳೇನೂ ಇರಲಿಲ್ಲ.

ಈಚೆಗೆ ಅಜ್ಜನ ಕೈ ನಡುಗತೊಡಗಿತ್ತು. ನಟ್ಟು ಬಿಗಿಯುವ ಪಾನಾ ಹಿಡಿದರೆ ಜಾರುತ್ತಿತ್ತು. ಹೀಗಾಗಿ ಬೈಕಿನ ಆರೈಕೆ ಅಡಿವೆಪ್ಪನೆಂಬ ಶಿಷ್ಯನಿಗೆ ಬಂತು.

ಅಡಿವೆಪ್ಪ ಮಹಾ ಕಟ್ಟುನಿಟ್ಟಿನ ಆಸಾಮಿ. ಬೆಳಗಿನ ಸ್ನಾನ, ಜಪ, ಪೂಜೆ ಯಾವುದೂ ಒಂದು ಗಳಿಗೆ ಅತ್ತಿತ್ತ ಆಗುವಂತಿರಲಿಲ್ಲ. ಅವನ ಹಾಸಿಗೆಯ ಮೇಲೆ ಸುಕ್ಕು, ಅವನ ಮುಖದ ಮೇಲೆ ನಗು, ಎರಡನ್ನೂ ಕಂಡವರಿಲ್ಲ ಎಂದು ಉಳಿದ ಶಿಷ್ಯರು ಆಡಿಕೊಳ್ಳುತ್ತಿದ್ದರು. ಆದರೆ ಅಜ್ಜನ ಮೇಲೆ ಅವನಿಗೆ ಪ್ರಾಣ. ಅವರು ಏರುವ ಗಾಡಿಯಲ್ಲಿ ಒಂದು ನಟ್ಟೂ ಸಡಿಲ ಇರಬಾರದು ಎಂದು ದಿನಾ ಎಲ್ಲವನ್ನೂ ಬಿಗಿದೇ ಬಿಗಿಯುತ್ತಿದ್ದ.

ಅಜ್ಜ ಹೊರಡುವ ಮುನ್ನ ಕೇಳುವರು: “ಚೈನ್ ಹ್ಯಾಂಗೈತಿ?”

“ಬಿಗಿ ಐತ್ರಿ ಅಜ್ಜಾರ. ಬೆರಳ ಇಟ್ರ ಅಳ್ಳಾಡೂದಿಲ್ಲ.”

ಅಜ್ಜ ಅವನ ಮುಖ ನೋಡುವರು. ಒಬ್ಬರೇ ಮೆಲ್ಲಗೆ ಹೋಗಿಬರುವರು.

ಒಂದು ಮಧ್ಯಾಹ್ನ ಅಡಿವೆಪ್ಪನ ತಂಗಿ ಕಾಶವ್ವ ಬಂದಳು. ಅವಳ ಸೊಂಟದ ಮೇಲೆ ಮಗಳು ನೀಲಿ. ಮಗುವಿನ ತಲೆಗೂದಲು ಹುಟ್ಟಿದಾಗಿನಿಂದ ಕತ್ತರಿ ಕಾಣದೆ ಜಡೆಗಟ್ಟಿ ಕಣ್ಣಿನ ಮೇಲೆ ಬೀಳುತ್ತಿತ್ತು.

“ಅಣ್ಣಾ, ನಾಳೆ ಕೂಸಿನ ಜಾವಳ ಇಟ್ಟೀವಿ. ಸೋದರಮಾವನ ತೊಡಿ ಮ್ಯಾಲ ಕೂಡಿಸಿ ಕೂದಲಾ ತಗೀಬೇಕು. ನೀ ಬಾ.”

“ಮೊದಲೂ ಹೇಳೀನಿ, ಕಾಶವ್ವ. ಎಲ್ಲಾ ಹರಕೊಂಡ ಬಂದಾಂವ ನಾನು. ನನಗ ತಂಗಿ ಇಲ್ಲ, ಸೊಸಿ ಇಲ್ಲ.”

“ನಿನಗ ಇಲ್ಲದಿದ್ರ ಇಲ್ಲ. ನನಗ ಅಣ್ಣ ಅದಾನಲ್ಲ!”

“ಬ್ಯಾರೆ ಯಾರದರ ತೊಡಿ ಮ್ಯಾಲ ಕೂಡಸು.”

“ನೀ ಬರೂತನಾ ಈ ತಲೀಗಿ ಕತ್ತರಿ ತಾಗೂದಿಲ್ಲ. ಎರಡ ಸಲ ಮುಂದ ಹಾಕೀನಿ. ಮತ್ತ ಹಾಕತೀನಿ. ಕೂದಲಾ ಹಂಗ ಬೆಳೀಲಿ.”

ಮಗು ಕೈಚಾಚಿ ಅವನ ಕಾವಿಯ ಸೆರಗು ಹಿಡಿಯಿತು. ಅಡಿವೆಪ್ಪ ಬಟ್ಟೆ ಬಿಡಿಸಿಕೊಂಡು ಒಳಗೆ ಹೋದ. ಹೋಗಿ ಜಪಕ್ಕೆ ಕೂತ. ಮಣಿ ಸರಿಯುತ್ತಿತ್ತು, ಜಪ ಆಗುತ್ತಿರಲಿಲ್ಲ.

ಬೇವಿನ ಕೆಳಗೆ ಕೂತಿದ್ದ ಅಜ್ಜ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಎದ್ದು ಬಂದರು.

“ಬಾ ಯವ್ವಾ, ಬಸ್ಸಿನತನಾ ಬಿಟ್ಟಬರತೀನಿ” ಎಂದು ಬೈಕಿಗೆ ಕಿಕ್ ಹೊಡೆದರು.

ಕಾಶವ್ವ ಮಗುವನ್ನು ಮಡಿಲಲ್ಲಿ ಹಿಡಿದು ಹಿಂದೆ ಕೂತಳು. ಒಳಗಿನಿಂದ ಅಡಿವೆಪ್ಪ ಆ ಸದ್ದಿಗೇ ಕಿವಿ ಕೊಟ್ಟಿದ್ದ. ಡುಗ್ ಡುಗ್ ಎನ್ನುತ್ತ ಗಾಡಿ ದಂಡೆ ಇಳಿಯಿತು, ಹಳ್ಳದ ತಿರುವಿಗೆ ಬಂತು. ಅಲ್ಲಿ ಫಟ್ಟೆಂದು ಒಂದು ಸಪ್ಪಳ. ಆಮೇಲೆ ಮಗುವಿನ ಅಳು.

ಅವನು ಜಪಮಾಲೆ ಎಸೆದು ಓಡಿದ.

ಹಳ್ಳದ ತಗ್ಗಿನಲ್ಲಿ ಬೈಕು ವಾಲಿತ್ತು. ಚೈನು ಹರಿದು ಮರಳಲ್ಲಿ ಬಿದ್ದಿತ್ತು. ತಾಯಿ, ಮಗು ಇಬ್ಬರಿಗೂ ಏನೂ ಆಗಿರಲಿಲ್ಲ. ಅಜ್ಜನ ಮೊಣಕೈ ತರಚಿತ್ತು. ಅಡಿವೆಪ್ಪ ಕಾವಿಯ ಸೆರಗಿನಿಂದ ಆ ರಕ್ತ ಒರೆಸಲು ಹೋದ. ಅಳುವ ಮಗುವನ್ನು ಅಜ್ಜ ಅವನ ತೋಳಿಗೆ ಕೊಟ್ಟರು.

“ಹಿಡಕೊ. ನಾ ಗಾಡಿ ಎಬ್ಬಸತೀನಿ.”

ಎತ್ತಿಕೊಳ್ಳುವುದು ಹೇಗೆಂದು ಗೊತ್ತಿಲ್ಲದೆ ಅವನು ಮಗುವನ್ನು ತುಂಬಿದ ಕೊಡದ ಹಾಗೆ ಹಿಡಿದುಕೊಂಡ. ಬಸ್ಸು ರಸ್ತೆಯಲ್ಲಿ ಹಾರ್ನ್ ಹಾಕಿ ಹೊರಟುಹೋಯಿತು. ಆ ದಿನದ ಕಡೆಯ ಬಸ್ಸು ಅದೇ. ಎಲ್ಲರೂ ಆಶ್ರಮಕ್ಕೆ ಮರಳಿದರು.

ಇಳಿಬಿಸಿಲಿನಲ್ಲಿ ಅಡಿವೆಪ್ಪ ಚೈನಿಗೆ ಹೊಸ ಕೊಂಡಿ ಹಾಕಿ ಜೋಡಿಸಿದ. ಅವನ ಕಣ್ಣು ತುಂಬಿತ್ತು.

“ಅಜ್ಜಾರ, ಸಡಿಲ ಆಗಬಾರದಂತ ದಿನಾ ಬಿಗೀತಿದ್ನಿ. ಆದ್ರೂ ಹ್ಯಾಂಗ ಹರೀತ್ರಿ?”

“ಬಿಗಿಯೂ ಮುಂದ ಗಾಡಿ ಮ್ಯಾಲ ಯಾರ ಕುಂತಿದ್ರು?”

“ಯಾರೂ ಇಲ್ರಿ. ಸ್ಟ್ಯಾಂಡ್ ಹಾಕಿ ಬಿಗೀತಿದ್ನಿ.”

“ಈಗೂ ಹಂಗ ಬಿಗಿ. ನಿನ್ನ ಮನಸಿಗಿ ಬರೂ ಹಂಗ.”

ಅವನು ಹಿಂದಿನ ಗಾಲಿಯನ್ನು ಎಳೆದು ನಟ್ಟು ಬಿಗಿದ. ಚೈನು ನೆಟ್ಟಗೆ ನಿಂತಿತು.

“ಸ್ಟ್ಯಾಂಡ್ ತಗಿ. ಕಾಶವ್ವ, ನೀ ಕೂಸಿನ ಕರಕೊಂಡ ಹಿಂದ ಕುಂದ್ರು.”

ಅಜ್ಜ ಮುಂದೆ ಕೂತರು, ಅವಳು ಹಿಂದೆ ಕೂತಳು. ಭಾರಕ್ಕೆ ಗಾಡಿಯ ಹಿಂಬದಿ ಕುಗ್ಗಿ ಚೈನನ್ನು ಎಳೆಯಿತು. ಅಡಿವೆಪ್ಪ ಚೈನಿನ ಮೇಲೆ ಬೆರಳಿಟ್ಟ. ಅದು ತಂಬೂರಿ ತಂತಿಯ ಹಾಗೆ ಸೆಟೆದಿತ್ತು. ಇನ್ನೊಂದು ಕೂದಲೆಳೆಯಷ್ಟು ಎಳೆದರೂ ಹರಿಯುವ ಹಾಗಿತ್ತು.

ಅವನು ಬೆರಳು ತೆಗೆಯಲಿಲ್ಲ.

“ಇದು ಖಾಲಿ ಗಾಡಿಯ ಬಿಗಿ ಆತ್ರಿ” ಅಂದ.

“ಹೂಂ. ಖಾಲಿ ನಿಂತಾಗ ಒಂದ ಬೆರಳ ಸಡಿಲ ಕಾಣಬೇಕಪಾ. ಅದು ಗಾಡಿಯ ಐಬಲ್ಲ. ಕುಂದ್ರಾವರ ಪಾಲು.”

ಎಲ್ಲರೂ ಇಳಿದರು. ಅವನು ನಟ್ಟು ಬಿಚ್ಚಿ ಗಾಲಿಯನ್ನು ಮುಂದೆ ಸರಿಸಿದ. ಚೈನು ಒಂದಿಷ್ಟು ಜೋತುಬಿತ್ತು. ಅದನ್ನು ನೋಡಲು ಅವನಿಗೆ ಮೈಯೆಲ್ಲ ಕಸಿವಿಸಿ. ಆದರೂ ಹಾಗೇ ಬಿಟ್ಟ.

ಆಮೇಲೆ ತಲೆ ಎತ್ತದೆ ಕೇಳಿದ: “ಹಂಗಾದ್ರ ನನ್ನ ವ್ರತ, ಅಜ್ಜಾರ?”

“ನಾ ಚೈನಿನ ಮಾತ ಆಡಾಕತ್ತೀನಿ. ನೀ ಏನಂತ ತಿಳಕೊಂಡಿ?” ಎಂದು ಅಜ್ಜ ನಕ್ಕು ಕೈತೊಳೆಯಲು ಹೊಳೆಗೆ ಇಳಿದರು.

ಮರುದಿನ ಬೆಳಿಗ್ಗೆ ಕಾಶವ್ವ ಮಗುವನ್ನೆತ್ತಿಕೊಂಡು ಮೊದಲ ಬಸ್ಸಿಗೆ ನಡೆದು ಹೊರಟಳು. ಅಣ್ಣನನ್ನು ಮತ್ತೆ ಕರೆಯಲಿಲ್ಲ. ಬೇವಿನ ಹತ್ತಿರ ಬಂದರೆ ಅಡಿವೆಪ್ಪ ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ ನಿಂತಿದ್ದ.

“ಅಜ್ಜಾರ, ಊರತನಾ ಮೂವರನ್ನ ತಡಕೊಂತೈತೇನ್ರಿ ಇದು?”

“ನನ್ನ ಯಾಕ ಕೇಳತಿ? ಅದನ್ನ ಕೇಳು.”

ತಂಗಿಯನ್ನೂ ಮಗುವನ್ನೂ ಕೂಡಿಸಿ, ತಾನೂ ಕೂತು, ಬಾಗಿ ಚೈನು ಮುಟ್ಟಿದ. ಅದು ಇನ್ನೂ ಒಂದಿಷ್ಟು ಆಡುತ್ತಿತ್ತು. ಕಾಶವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಕಿಕ್ ಹೊಡೆದ.

ಅವನು ಮರಳಿದ್ದು ದೀಪ ಹಚ್ಚುವ ಹೊತ್ತು ದಾಟಿದ ಮೇಲೆ. ಅಜ್ಜ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದರು. ಅವನ ಕಾವಿಯ ಮೇಲೆ, ತೊಡೆಯ ಬಳಿ, ಎಳೆಗೂದಲಿನ ಚೂರುಗಳು ಅಂಟಿದ್ದವು. ದಾರಿಯ ಗಾಳಿಗೆ ಹಾರಿಹೋಗದಂತೆ ಬಟ್ಟೆಯನ್ನು ಮಡಚಿ ಸಿಕ್ಕಿಸಿಕೊಂಡಿದ್ದ.

“ಸಂಜೀ ಪೂಜಿ ತಪ್ಪಿತ್ರಿ, ಅಜ್ಜಾರ.”

ಅಜ್ಜ ಹೂಂಗುಟ್ಟಿದರು.

“ಕತ್ತರಿ ಕಂಡು ಕೂಸು ಅಂಜಿ ನನ್ನ ಕೊರಳಿಗಿ ಜೋತುಬಿತ್ರಿ. ಎಲ್ಲಾರ ಮುಂದ ನನಗೂ ಅಳು ಬಂತು.” ಅವನು ತೊಡೆಯ ಬಳಿಯ ಬಟ್ಟೆಯ ಮಡಿಕೆಯನ್ನು ಮುಟ್ಟಿ ನೋಡಿಕೊಂಡ. “ಎಷ್ಟ ಹಗುರ ಇತ್ರಿ ಅದು! ನಾ ಎಷ್ಟ ಭಾರಂತ ತಿಳದಿದ್ನಿ.”

ಅಜ್ಜ ಅವನ ತಲೆಯ ಮೇಲೆ ಕೈಯಿಟ್ಟರು. ಆ ಕೈ ನಡುಗುತ್ತಿತ್ತು.

“ಚೈನ್ ಹ್ಯಾಂಗೈತಿ?”

“ಒಂದ ಬೆರಳ ಆಡತೈತ್ರಿ. ನಾಳೆ ನೀವು ಹೊಂಟ್ರ ಚೂರು ಬಿಗಿ ಮಾಡ್ಲೇನ್ರಿ?” ಎನ್ನುತ್ತ ಅವನು ಕೀಲಿಯನ್ನು ಅವರ ಮುಂದೆ ಹಿಡಿದ.

ಅಜ್ಜ ಕೀಲಿ ತೆಗೆದುಕೊಳ್ಳಲಿಲ್ಲ. ಅವನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದರು.

“ಬ್ಯಾಡ, ಹಂಗ ಇರ್ಲಿ. ಇನ್ನ ಮ್ಯಾಲ ಹಿಂದ ಕುಂದ್ರಾಂವ ನಾನು.”