ಲೆಕ್ಕದ ಸೊನ್ನೆ, ಅಕ್ಷರದ ಸೊನ್ನೆ

“ಬುದ್ಧೀ, ಮೂರು ಮಠಗಳಲ್ಲಿ ಮಂತ್ರ ಪಡೆದೆ, ಯಾವುದೂ ಫಲಿಸಲಿಲ್ಲ. ನೀವು ಕೊಟ್ಟದ್ದೂ ಫಲಿಸುತ್ತಿಲ್ಲ. ತಪ್ಪು ಮಂತ್ರದಲ್ಲಿದೆಯೋ, ನನ್ನ ಉಚ್ಚಾರದಲ್ಲಿದೆಯೋ?”

ಕೊಟ್ರೇಶಿ ಗುರುವನ್ನು ಹೀಗೆ ಕೇಳಿದಾಗ ಅವನ ಚೀಲ ಹೆಗಲ ಮೇಲೇ ಇತ್ತು. ಉತ್ತರ ಮನಸ್ಸಿಗೆ ಬಂದರೆ ಉಳಿಯುವುದು, ಇಲ್ಲವಾದರೆ ಮಧ್ಯಾಹ್ನದ ಬಸ್ಸಿಗೆ ಇನ್ನೊಂದು ಮಠಕ್ಕೆ ಹೊರಡುವುದು ಎಂದು ಗಟ್ಟಿ ಮಾಡಿಕೊಂಡು ಬಂದಿದ್ದ. ಅಲ್ಲಿಯ ಸ್ವಾಮಿಗಳು ಕೊಡುವ ಮಂತ್ರ ಬಲು ಬೇಗ ಹತ್ತುತ್ತದೆಂದು ಯಾರೋ ಅವನ ಕಿವಿಗೆ ಹಾಕಿದ್ದರು. ಶಾಂತಿ ಬೇಕೆಂದು ಮನೆ ಬಿಟ್ಟವನಿಗೆ ಬರಿಗೈಯಲ್ಲಿ ಹಿಂದಿರುಗಲು ಮನಸ್ಸಿಲ್ಲ. ಎಲ್ಲಿಯವರೆಗೆ ಅಲೆಯಬೇಕೆಂಬುದೂ ತಿಳಿಯದೆ ತಲೆ ಕೆಟ್ಟುಹೋಗಿತ್ತು.

ಗುರು ಚೀಲವನ್ನೊಮ್ಮೆ ನೋಡಿದರು. “ಕೂತುಕೋ. ಒಬ್ಬ ದರ್ಜಿಯ ಕತೆ ಹೇಳುತ್ತೇನೆ,” ಎಂದರು.

ಒಂದೂರಿನಲ್ಲಿ ಒಬ್ಬ ದರ್ಜಿ. ಒಬ್ಬಳೇ ಮಗಳು. ಅವಳು ಮದುವೆಯಾಗಿ ದೂರದ ಊರಿಗೆ ಹೋದಳು. ತಂದೆಗೆ ಫೋನಿನಲ್ಲಿ ಮಾತಾಡಲು ಬಾರದು. ಊಟವಾಯಿತೇ ಎಂದು ಕೇಳಿದ ಮೇಲೆ ಮುಂದೇನು ಕೇಳಬೇಕೆಂದು ತೋಚದ ಮನುಷ್ಯ. ಅದಕ್ಕೆ ಮಗಳು ಅವನ ಮೊಬೈಲಿಗೆ ಒಂದು ಆಟ ಹಾಕಿಕೊಟ್ಟಳು. ಕನ್ನಡದಲ್ಲೇ ಆಡುವ ಆಟ. ಅದರಲ್ಲೊಂದು ಹೊಳೆ, ಹೊಳೆಯ ಈಚೆ ತಂದೆಯ ಹೊಲ, ಆಚೆ ಮಗಳ ಹೊಲ. ದಿನಾ ಸಂಜೆ ಇಬ್ಬರೂ ಅಲ್ಲಿಗೆ ಬರುವರು. ಸೇತುವೆಯ ಮೇಲೆ ನಡೆದು ಒಬ್ಬರ ಹೊಲಕ್ಕೆ ಒಬ್ಬರು ಹೋಗಿ ಕಳೆ ಕೀಳುವರು. ಕೀಳುತ್ತಾ ಒಬ್ಬರಿಗೊಬ್ಬರು ನಾಲ್ಕು ಮಾತು ಬರೆದು ಕಳಿಸುವರು. ಬಾಯಿಗೆ ಬಾರದ ಮಾತೆಲ್ಲ ಅಲ್ಲಿ ಸಲೀಸಾಗಿ ಬರುತ್ತಿತ್ತು.

ಆಟ ಮಾಡಿದವರು ಆಗಾಗ ಒಂದು ಕೋಡ್ ಬಿಡುತ್ತಿದ್ದರು. ಆಟದೊಳಗಿನ ಖಾಲಿ ಚೌಕದಲ್ಲಿ ಅದನ್ನು ತಪ್ಪಿಲ್ಲದೆ ಬರೆದರೆ ಏನಾದರೊಂದು ಬಹುಮಾನ. ಹೊತ್ತು ಮೀರಿದರೆ ಕೋಡ್ ಸತ್ತಂತೆ. ದರ್ಜಿಗೆ ಒಮ್ಮೆ ಹೀಗೆ ಜೋಡಿ ಎತ್ತು ಸಿಕ್ಕಿತು ನೋಡು, ಅಲ್ಲಿಗೆ ರುಚಿ ಹತ್ತಿತು. ಕೋಡ್ ಎಲ್ಲಿ ಸಿಗುತ್ತದೆ, ಯಾರು ಮೊದಲು ಹೇಳುತ್ತಾರೆ ಎಂದು ಕಂಡಕಂಡವರ ವಿಡಿಯೋ ನೋಡಿದ, ಗುರುತು ಪರಿಚಯ ಇಲ್ಲದವರ ಗುಂಪು ಸೇರಿದ. ಬರೆದ ಬಹುಪಾಲು ಕೋಡಿಗೆ ‘ಈ ಕೋಡ್ ಸರಿಯಿಲ್ಲ’ ಎಂಬುದೇ ಉತ್ತರ. ಆದರೂ ಬಿಡಲಿಲ್ಲ. ಹೊಲದಲ್ಲಿ ಕಳೆ ಮೊಣಕಾಲುದ್ದ ಬೆಳೆಯಿತು.

ಕೊಟ್ರೇಶಿ ತಬ್ಬಿಬ್ಬಾದ. ಮಂತ್ರದ ವಿಷಯ ಕೇಳಿದರೆ ಮೊಬೈಲ್ ಆಟ ಬಂತಲ್ಲ ಎಂದುಕೊಂಡ. ಬುದ್ಧಿಯವರಿಗೆ ಇದೆಲ್ಲ ಹೇಗೆ ಗೊತ್ತೆಂದು ಕೇಳಲು ಧೈರ್ಯ ಸಾಲಲಿಲ್ಲ. ಗುರು ಅವನ ಮುಖ ನೋಡಿ, ಕತೆ ಮುಂದುವರಿಸಿದರು.

ಒಂದು ಸಂಜೆ ಮಗಳು ಬರೆದಳು. “ಅಪ್ಪಾ, ನಾಳೆಯಿಂದ ಆಸ್ಪತ್ರೇಲಿ ನಂಗೆ ಸಂಜೆ ಪಾಳಿ. ಇನ್ಮೇಲೆ ಈ ಹೊತ್ತಿಗೆ ಸಿಗಲ್ಲ. ನಾನು ಹಾಕಿದ ಸೂರ್ಯಕಾಂತಿ ಹೂ ಬಿಟ್ಟೈತೆ. ಇವತ್ತು ಬಂದು ನೋಡು.”

ದರ್ಜಿಗೆ ಹಿಗ್ಗೋ ಹಿಗ್ಗು. ಆದರೆ ಮಗಳ ಹೊಲಕ್ಕೆ ಇವತ್ತೂ ಕಾಲೆಳೆದುಕೊಂಡು ಹೋಗುವುದೇ? ಅವತ್ತೇ ಒಂದು ಬಣ್ಣದ ದೋಣಿಗೆ ಕೋಡ್ ಬಿಟ್ಟಿದ್ದರು. ದೋಣಿಯಲ್ಲಿ ಹೋಗಿ ಮಗಳ ಮುಂದೆ ಇಳಿಯಬೇಕೆಂದು ಅವನಿಗೆ ಆಸೆಯಾಯಿತು. ಎದುರಂಗಡಿಯ ಬಳೆಗಾರನಿಗೂ ಇದೇ ಆಟದ ಹುಚ್ಚು. ಅವನು ರಸ್ತೆಯ ಆ ಬದಿಯಿಂದ ಕೂಗಿ ಹೇಳಿದ. “ಬರ್ಕೋ. ಬ, ಸೊನ್ನೆ, ದೆ.”

ಕೋಡ್ ಎಂದರೆ ಅಂಕಿ ಅಕ್ಷರ ಕಲಸಿದ, ಅರ್ಥವಿಲ್ಲದ ಗುರುತು ಎಂಬುದು ದರ್ಜಿಯ ಅನುಭವ. ಬ ಬರೆದ, ಅಂಕಿಯ ಸೊನ್ನೆ ಒತ್ತಿದ, ದೆ ಬರೆದ. ಈ ಕೋಡ್ ಸರಿಯಿಲ್ಲ. ಅಂಕಿಯನ್ನು ಕನ್ನಡಕ್ಕೆ ಬದಲಾಯಿಸಿ ಕನ್ನಡದ ಸೊನ್ನೆ ಒತ್ತಿದ. ಸರಿಯಿಲ್ಲ. ಜಾಗ ಬಿಟ್ಟು ಬರೆದ, ಜಾಗ ಬಿಡದೆ ಬರೆದ. ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಆಟ ಮಾತ್ರ ಒಪ್ಪುವುದಿಲ್ಲ. ಬಳೆಗಾರ ಸುಳ್ಳು ಹೇಳಿದನೋ, ಮೊಬೈಲ್ ಕೆಟ್ಟಿತೋ, ತನ್ನ ಗ್ರಹಚಾರವೋ ಒಂದೂ ತಿಳಿಯಲಿಲ್ಲ.

ಆಚೆ ದಡದಲ್ಲಿ ಮಗಳು ನಿಂತಿದ್ದಳು. “ಅಪ್ಪಾ, ಎಲ್ಲಿದೀಯ?” ಎಂದು ಬರೆದಳು. “ಬಂದೆ, ದೋಣೀಲಿ ಬಂದೆ,” ಎಂದು ಬರೆದು ಇವನು ಮತ್ತೆ ಚೌಕಕ್ಕೆ ಮರಳಿದ. “ದೋಣಿಗೀಣಿ ಯಾಕಪ್ಪಾ? ದಿನಾ ಬರೋ ಹಂಗೆ ಸೇತುವೆ ಮೇಲೆ ಬಾ,” ಎಂದಳು. “ಬಂದೆ ಮಗಳೇ, ಬಂದೆ,” ಎಂದ. ನಾವೆಲ್ಲ ಹಾಗೇ ಅಲ್ಲವೇ, ಕೂತಲ್ಲಿಂದ ಏಳುವ ಮೊದಲೇ ಬಂದೆ ಎನ್ನುವ ಜನ. ಹೊತ್ತು ಮುಳುಗುವ ತನಕ ಮಗಳಿಗೆ ಬಂದೆ, ಬಂದೆ ಎಂದು ಬರೆಯುತ್ತಲೇ ಇದ್ದ, ಚೌಕದಲ್ಲಿ ಸೊನ್ನೆಯೊಂದಿಗೆ ಗುದ್ದಾಡುತ್ತಲೇ ಇದ್ದ. ಕೋಡಿನ ಹೊತ್ತು ಮುಗಿಯಿತು. ಹೊಲಕ್ಕೆ ಹಿಂದಿರುಗಿ ನೋಡಿದರೆ ಆಚೆ ದಡದಲ್ಲಿ ಯಾರೂ ಇರಲಿಲ್ಲ.

ಅಂಗಡಿ ಮುಚ್ಚುವಾಗ ಬಳೆಗಾರ ಬಂದು, ದೋಣಿ ಸಿಕ್ಕಿತೇ ಎಂದು ವಿಚಾರಿಸಿದ. ದರ್ಜಿ ತಾನು ಬರೆದದ್ದನ್ನು ಅವನ ಮುಖಕ್ಕೆ ಹಿಡಿದ.

“ಅಲ್ಲೋ ಮಾರಾಯ, ಇದು ಲೆಕ್ಕದ ಸೊನ್ನೆ. ನಾನು ಹೇಳಿದ್ದು ಅಕ್ಷರದ ಸೊನ್ನೆ. ಬ ಮುಂದೆ ಸೊನ್ನೆ ಇಟ್ರೆ ಬಂ. ಈಗ ಪೂರ್ತಿ ಓದು,” ಎಂದ ಬಳೆಗಾರ.

ದರ್ಜಿ ಓದಿದ. ಬಂದೆ. ಸಂಜೆಯೆಲ್ಲ ಮಗಳಿಗೆ ಒಂದಕ್ಷರ ತಪ್ಪಿಲ್ಲದೆ ಬರೆದು ಕಳಿಸಿದ್ದು ಅದೇ ಮಾತು. ದರ್ಜಿ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅತ್ತುಬಿಟ್ಟ.

ಗುರು ಕತೆ ಮುಗಿಸಿದರು. ಕೊಟ್ರೇಶಿಗೆ ದರ್ಜಿಯನ್ನು ನೆನೆದು ಪಾಪ ಎನಿಸಿತು. ತನ್ನ ವಿಷಯ ಮಾತ್ರ ಮೊದಲಿಗಿಂತ ಗೋಜಲಾಯಿತು. ಬಾಯೊಳಗೇ ಮಂತ್ರ ಹೇಳಿಕೊಂಡು ಅದರಲ್ಲಿ ಸೊನ್ನೆ ಎಲ್ಲಿದೆಯೆಂದು ಹುಡುಕತೊಡಗಿದ. ಮೊದಲ ಅಕ್ಷರದಲ್ಲೇ ಸಿಕ್ಕಿತು. ಅವನ ಮುಖ ಅರಳಿತು.

“ಈಗ ತಿಳಿಯಿತು ಬುದ್ಧೀ. ನನ್ನ ಓಂಕಾರದ ಸೊನ್ನೆಯಲ್ಲೇ ದೋಷವಿದೆ. ಅದೊಂದನ್ನು ತಿದ್ದಿಕೊಡಿ, ನಾನು ಎಲ್ಲಿಗೂ ಹೋಗುವುದಿಲ್ಲ.”

“ಸೊನ್ನೆ ತಿದ್ದಿಕೊಂಡರೆ ದೋಣಿ ಸಿಕ್ಕೀತು ಕೊಟ್ರೇಶಿ, ಮಗಳು ಕಾದದ್ದು ದೋಣಿಗಲ್ಲ,” ಎಂದರು ಗುರು.

ಕೊಟ್ರೇಶಿ ಹೆಗಲ ಮೇಲಿನ ಚೀಲ ಇಳಿಸಿ ಕೆಳಗಿಟ್ಟ.